ಮೂಕಪ್ರಾಣಿಯ ವ್ರಣವೂ ಗೃಹಸ್ಥನ ಋಣವೂ

ಸಾಕಿದ ನಾಯಿಬೆಕ್ಕುಗಳಿಗೆ ಸಂತಾನಹರಣದ ಶಸ್ತ್ರಚಿಕಿತ್ಸೆಯನ್ನು ಮಾಡಿಸುವುದು ಈಚೆಗೆ ಸುಶಿಕ್ಷಿತ ಕುಟುಂಬಗಳಲ್ಲಿ ಸಾಧಾರಣವಾದ ಸಂಗತಿಯಾಗಿದೆ. ಬೆಳಗ್ಗೆ ಪ್ರಾಣಿಯನ್ನು ಪಶುವೈದ್ಯರಲ್ಲಿಗೆ ಒಯ್ಯುವರು. ಸಂಜೆಗೆ ಅದು ತೂಕಡಿಸುತ್ತ, ಹೊಟ್ಟೆಯ ಮೇಲೆ ಹೊಲಿಗೆಯ ಗೆರೆಯೊಂದನ್ನು ಹೊತ್ತು ಮನೆಗೆ ಬರುವುದು. ಮನೆಯವರು ಮೊದಲೆರಡು ದಿನ ಅದರ ಸುತ್ತ ಕೂಡುವರು. ಮೂರನೆಯ ದಿನ ಅದು ಬಾಲವಾಡಿಸಿದೊಡನೆ ತಂತಮ್ಮ ಕೆಲಸಕ್ಕೆ ಹೊರಡುವರು. ಇಂಥ ಶಸ್ತ್ರಕರ್ಮವು ಯುಕ್ತವೋ ಅಯುಕ್ತವೋ ಎಂಬ ಚರ್ಚೆಯು ಅಲ್ಲಲ್ಲಿ ಕೇಳಿಬರುವುದುಂಟು. ಆದರೆ ಅದಾದ ಮೇಲಿನ ಹತ್ತು ಹದಿನಾಲ್ಕು ದಿನಗಳ ಶುಶ್ರೂಷೆಯು ಧರ್ಮದ ಯಾವ ಖಾತೆಗೆ ಸೇರತಕ್ಕದ್ದೆಂಬುದನ್ನು ಹೆಚ್ಚು ಜನರು ವಿಚಾರಿಸಿದಂತೆ ಕಾಣುವುದಿಲ್ಲ. ಅದು ದಯೆಯೆಂದೇ ಎಲ್ಲರ ತಿಳಿವಳಿಕೆ. ದಯೆಯಾದರೆ ಮಾಡಿದವನಿಗೆ ಪುಣ್ಯವುಂಟು, ಮಾಡದವನಿಗೆ ದೋಷವಿಲ್ಲ. ಋಣವಾದರೆ ಹಾಗಲ್ಲ, ತೀರಿಸಿದವನಿಗೆ ಹೊಗಳಿಕೆಯಿಲ್ಲ, ತೀರಿಸದವನಿಗೆ ದೋಷವುಂಟು. ಇವೆರಡರಲ್ಲಿ ಯಾವುದು ಸರಿಯೆಂಬುದೇ ಪ್ರಕೃತ ವಿಚಾರ.

ನಡೆಯುವುದೇನೆಂಬುದನ್ನು ಮೊದಲು ಮುಚ್ಚುಮರೆಯಿಲ್ಲದೆ ತಿಳಿಯಬೇಕು. ಹೆಣ್ಣಿನಲ್ಲಿ ಉದರವನ್ನು ಸೀಳಿ ಅಂಡಾಶಯಗಳನ್ನೂ ಬಹುಮಟ್ಟಿಗೆ ಗರ್ಭಕೋಶವನ್ನೂ ತೆಗೆಯುವರು. ಗಂಡಿನಲ್ಲಿ ವೃಷಣಗಳನ್ನು ತೆಗೆಯುವರು. ಅರಿವಳಿಕೆಯನ್ನು ಕೊಡುವುದರಿಂದ ಆ ಹೊತ್ತಿನಲ್ಲಿ ಪ್ರಾಣಿಗೆ ನೋವು ತಿಳಿಯದು. ಎಚ್ಚರವಾದ ಮೇಲೆ ತಿಳಿಯುತ್ತದೆ. ಅರಿವಳಿಕೆಯ ನಿಮಿತ್ತವಾಗಿ ಅದಕ್ಕೆ ಮುಂಚೆ ಕೆಲವು ತಾಸು ಅನ್ನವನ್ನೂ ತಡೆದಿರುತ್ತಾರೆ. ಗಂಡಿನದು ಸುಲಭವಾದದ್ದು, ಬೇಗ ಮಾಯುವಂಥದು. ಹೆಣ್ಣಿನದು ಉದರದ ದೊಡ್ಡ ಶಸ್ತ್ರಕರ್ಮವೆಂಬುದನ್ನು ಮರೆಯಬಾರದು. ಇದೇ ಕರ್ಮವು ಮನೆಯ ಹೆಣ್ಣುಮಗಳಿಗೆ ನಡೆದಿದ್ದರೆ ತಿಂಗಳೊಪ್ಪತ್ತು ಅವಳನ್ನು ತುಂಬಿದ ಕೊಡ ಎತ್ತಗೊಡುತ್ತಿರಲಿಲ್ಲ.

ಒಂದು ಮನೆಯಲ್ಲಿ, ಹೀಗೆ ಕರೆತಂದ ಹೆಣ್ಣುನಾಯಿಯು ಮೂಲೆಯಲ್ಲಿ ನಡುಗುತ್ತ ಮಲಗಿದ್ದುದನ್ನು ನೋಡಿ ಅಜ್ಜಿಯು ಮೊಮ್ಮಗನನ್ನು, “ಏನೋ, ಅದನ್ನೊಂದು ಮಾತು ಕೇಳಿದೆಯೇನೋ?” ಎಂದಳಂತೆ. ಹುಡುಗನು ನಕ್ಕು, “ನಾಯೀನ ಏನಂತ ಕೇಳೋದು ಅಜ್ಜಿ?” ಎಂದನು. “ಕೇಳೋಕೆ ಬರಲ್ಲ ಅಂತಲೇ ನಾ ಹೇಳೋದು” ಎಂದು ಆಕೆ ಒಳಕ್ಕೆ ಹೋಗಿ ಹಳೆಯ ಕಂಬಳಿಯೊಂದನ್ನು ತಂದು ಹಾಸಿದಳು. ಈ ಮಾತಿನಲ್ಲಿ ನಗತಕ್ಕದ್ದೇನೂ ಇಲ್ಲ. ಶಾಸ್ತ್ರಜ್ಞರು ಪೂರ್ವಪಕ್ಷವೆಂದು ಕರೆಯುವುದನ್ನು ಆಕೆ ಒಂದೇ ವಾಕ್ಯದಲ್ಲಿ ಹೇಳಿದ್ದಾಳೆ.

ಆ ಪೂರ್ವಪಕ್ಷವನ್ನು ವಿಸ್ತರಿಸಿ ನೋಡುವುದು ಒಳ್ಳೆಯದು. ಜೈನರ ತತ್ತ್ವಾರ್ಥಸೂತ್ರದಲ್ಲಿ ಗೃಹಸ್ಥನ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ಎಂದರೆ ಕಟ್ಟುವುದು, ವಧ, ಎಂದರೆ ಇಲ್ಲಿ ಕೋಲು ಚಾವಟಿಗಳಿಂದ ಹೊಡೆಯುವುದು, ಛೇದ, ಎಂದರೆ ಅಂಗವನ್ನು ಕತ್ತರಿಸುವುದು, ಅತಿಯಾದ ಭಾರವನ್ನು ಹೇರುವುದು, ಅನ್ನಪಾನಗಳನ್ನು ತಡೆಯುವುದು. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಪಶುವೈದ್ಯಶಾಲೆಯ ಬಾಗಿಲಲ್ಲಿ ನಿಂತವನಿಗೆ ಏನು ಕಾಣುವುದು? ರಾತ್ರಿಯಿಂದ ಅನ್ನವನ್ನು ತಡೆದಿದೆ. ಬೆಳಗ್ಗೆ ಕಟ್ಟಿ ತಂದಿದೆ. ಮೇಜಿನ ಮೇಲೆ ಛೇದವು ನಡೆದಿದೆ. ಐದರಲ್ಲಿ ಮೂರು ಒಂದೇ ದಿನದೊಳಗೆ ಆಗಿಹೋದುವು. ಶ್ವೇತಾಂಬರರ ಗ್ರಂಥಗಳಲ್ಲಿ ಶ್ರಾವಕನು ಬಿಡತಕ್ಕ ಹದಿನೈದು ಜೀವನೋಪಾಯಗಳ ಗಣನೆಯಿದೆ. ಪಶುಗಳ ಬೀಜ ಒಡೆಯುವುದು, ಮೂಗು ಚುಚ್ಚುವುದು, ಬರೆಯೆಳೆಯುವುದು ಇವೆಲ್ಲ ‘ನಿರ್ಲಾಂಛನ’ವೆಂಬ ಹೆಸರಿನಲ್ಲಿ ಅದರೊಳಗೆ ಬರುತ್ತವೆ. ಅಶೋಕನ ಐದನೆಯ ಸ್ತಂಭಶಾಸನವೂ ಈ ವಿಷಯವನ್ನು ಮುಟ್ಟಿದೆ. ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಬರೆಸಿದ ಆ ಶಾಸನದಲ್ಲಿ ಅಷ್ಟಮಿ, ಚತುರ್ದಶಿ ಮೊದಲಾದ ತಿಥಿಗಳಲ್ಲಿಯೂ ತಿಷ್ಯ ಪುನರ್ವಸು ನಕ್ಷತ್ರಗಳ ದಿನಗಳಲ್ಲಿಯೂ ಹೋರಿ, ಹೋತ, ಟಗರು, ಹಂದಿಗಳ ಬೀಜ ಒಡೆಯಕೂಡದೆಂದು ಆಜ್ಞೆಯಿದೆ. ಸರ್ವಥಾ ಕೂಡದೆಂದು ಆತನು ಹೇಳಲಿಲ್ಲ, ಬೇಸಾಯವು ನಡೆಯಬೇಕಷ್ಟೆ. ಆದರೆ ಏನೂ ಹೇಳದೆ ಇರಲೂ ಆತನ ಮನಸ್ಸು ಒಪ್ಪಲಿಲ್ಲ. ಬೇಕಾದ ಕೆಲಸವೊಂದನ್ನು ಸಂಕೋಚದಿಂದ ಮಾಡುವ ಸ್ವಭಾವವು ಈ ದೇಶದಲ್ಲಿ ಬಹಳ ಹಳೆಯದು. ಆ ಸಂಕೋಚವು ಕಳೆದುಹೋದುದರಿಂದ ಯಾರಿಗೂ ಲಾಭವಾದಂತಿಲ್ಲ.

ಇಷ್ಟರಿಂದ ಶಸ್ತ್ರಕರ್ಮವೇ ಅಧರ್ಮವೆಂದು ತೀರ್ಮಾನಿಸಬಹುದೆ? ಹಾಗೆ ತೀರ್ಮಾನಿಸುವವರು ಇನ್ನೊಂದು ಕಡೆಯನ್ನೂ ನೋಡಬೇಕು. ನಾಯಿಯ ಗರ್ಭಕಾಲ ಸುಮಾರು 63 ದಿನ. ಸಾಧಾರಣವಾಗಿ ವರ್ಷಕ್ಕೆ ಎರಡು ಸಲ ಅದು ಬೆದೆಗೆ ಬರುವುದು. ಬೆಕ್ಕಾದರೋ ಮರಿಗಳಿಗೆ ಹಾಲೂಡುತ್ತಿರುವಾಗಲೇ ಮತ್ತೆ ಗರ್ಭ ಧರಿಸಬಲ್ಲುದು. ಹುಟ್ಟಿದ ಮರಿಗಳಿಗೆ ಮನೆ ಹುಡುಕಿದವರಿಗೆ ಆ ಕಷ್ಟವು ಗೊತ್ತು. ಹುಡುಕದವರು ಏನು ಮಾಡುವರೆಂಬುದೂ ಎಲ್ಲರಿಗೂ ಗೊತ್ತು: ಕಣ್ಣು ಬಿಡದ ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಸಂತೆಯ ಮಾಳದಲ್ಲೋ ದೇವಸ್ಥಾನದ ಹಿಂದೆಯೋ ಬಿಟ್ಟು ಬರುವರು, ಹೆಣ್ಣುಮರಿಗಳನ್ನು ಮೊದಲು. ಅಂಥ ಗೃಹಸ್ಥನು ‘ನಾನು ಕತ್ತಿ ಮುಟ್ಟಲಿಲ್ಲ’ ಎಂದು ಹೇಳಿಕೊಳ್ಳುವುದರಲ್ಲಿ ಅಹಿಂಸೆಯ ಗಂಧವೂ ಇಲ್ಲ. ಹೆಣ್ಣುನಾಯಿಯ ದೇಹಕ್ಕೂ ಇದರಿಂದ ರಕ್ಷೆಯುಂಟು. ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬಿ ಪ್ರಾಣಕ್ಕೇ ಬರುವ ವ್ಯಾಧಿಯೊಂದಿದೆ, ಅದು ತಪ್ಪುವುದು. ಮೊದಲನೆಯ ಬೆದೆಗಿಂತ ಮುಂಚೆ ಮಾಡಿಸಿದರೆ ಸ್ತನದ ಗೆಡ್ಡೆಗಳ ಸಂಭವವೂ ಕಡಿಮೆಯಾಗುವುದು. ಬೀದಿಯ ನಾಯಿಗಳನ್ನು ಕೊಲ್ಲುತ್ತಿದ್ದ ಕಾಲದಲ್ಲಿ, 1964ರಲ್ಲಿ, ಮದರಾಸಿನ ಬ್ಲೂ ಕ್ರಾಸ್ ಸಂಸ್ಥೆಯವರು ಕೊಲೆಗೆ ಬದಲಾಗಿ ಈ ಮಾರ್ಗವನ್ನು ಹಿಡಿದರು. ಅದೇ ಮುಂದೆ 2001ರ ಮತ್ತು 2023ರ ಕೇಂದ್ರ ನಿಯಮಗಳಲ್ಲಿ ಸರ್ಕಾರದ ಮಾರ್ಗವೂ ಆಯಿತು. ನಷ್ಟಗಳೂ ಇಲ್ಲದಿಲ್ಲ. ಕೆಲವು ಹೆಣ್ಣುನಾಯಿಗಳಿಗೆ ಮುಂದೆ ಮೂತ್ರವು ತಡೆಯದಾಗುವುದು. ದೊಡ್ಡ ತಳಿಗಳಲ್ಲಿ ತೀರ ಎಳೆಯದರಲ್ಲಿ ಮಾಡಿಸಿದರೆ ಕೀಲುಗಳಿಗೆ ತೊಂದರೆಯಾಗಬಹುದು. ಎಂದು ಮಾಡಿಸಬೇಕೆಂಬುದನ್ನು ವೈದ್ಯನೊಡನೆ ಕುಳಿತು ನಿಶ್ಚಯಿಸಬೇಕೇ ಹೊರತು ನೆರೆಮನೆಯವರ ಮಾತಿನ ಮೇಲಲ್ಲ. ಒಟ್ಟಿನಲ್ಲಿ ತೂಗಿ ನೋಡಿದರೆ ಕರ್ಮವು ಸಮರ್ಥನೀಯವೆಂದೇ ಹೇಳಬೇಕು.

ಆದರೆ ಸಮರ್ಥನೀಯವೆಂಬ ಮಾತಿನಿಂದ ಅಜ್ಜಿಯ ಪ್ರಶ್ನೆಗೆ ಉತ್ತರ ಬಂದಂತಾಗಲಿಲ್ಲ. ವೈದ್ಯನ ಕತ್ತಿಗೂ ಕಳ್ಳನ ಕತ್ತಿಗೂ ಭೇದವನ್ನು ಮಾಡುವುದು ರೋಗಿಯ ಸಮ್ಮತಿ. ಮಗುವಿನ ವಿಷಯದಲ್ಲಿ ತಂದೆತಾಯಿಗಳು ಸಮ್ಮತಿಸುತ್ತಾರೆ. ಮಗುವು ದೊಡ್ಡದಾದ ಮೇಲೆ ಅದಕ್ಕೆ ತಿಳಿಯಹೇಳುತ್ತಾರೆ. ಅದು ಒಪ್ಪಲೂಬಹುದು, ಮುನಿಯಲೂಬಹುದು. ಪ್ರಾಣಿಗೆ ಮುಂಚೆ ಕೇಳುವಂತಿಲ್ಲ, ಆಮೇಲೆ ಹೇಳುವಂತೆಯೂ ಇಲ್ಲ. ಆ ಸ್ಥಾನವು ಕೊನೆಯವರೆಗೂ ಶೂನ್ಯವಾಗಿಯೇ ಉಳಿಯುವುದು. ‘ಅದರ ಒಳ್ಳೆಯದಕ್ಕೇ ಮಾಡಿದೆ’ ಎಂಬ ಮಾತು ಮನುಷ್ಯನು ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ. ಆ ಒಳ್ಳೆಯದರಲ್ಲಿ ಅವನ ಅನುಕೂಲವೂ ಸಾಕಷ್ಟು ಬೆರೆತಿರುವುದು. ಮರಿಗಳ ಗೊಡವೆಯಿಲ್ಲ, ಬೆದೆಯ ಕಾಲದಲ್ಲಿ ಗೇಟಿನ ಮುಂದೆ ಗಂಡುನಾಯಿಗಳ ಗಲಾಟೆಯಿಲ್ಲ, ಗಂಡುಬೆಕ್ಕು ಮೂಲೆಮೂಲೆಗೂ ಮೂತ್ರ ಸಿಂಪಡಿಸುವ ಕಾಟವಿಲ್ಲ. ಇದರಲ್ಲಿ ನಾಚತಕ್ಕದ್ದಿಲ್ಲ, ಆದರೆ ಲಾಭವು ಇಬ್ಬರದಾಗಿ ಗಾಯವು ಒಬ್ಬರದಾದಾಗ, ಗಾಯದ ಲೆಕ್ಕವು ಇನ್ನೊಬ್ಬರ ಹೆಸರಿಗೆ ಬರೆದಂತೆಯೇ ಸರಿ.

ಶ್ರಾವಕಾಚಾರವನ್ನು ವಿವರಿಸಿದ ಕೆಲವು ಆಚಾರ್ಯರು ಇಲ್ಲಿ ಸೂಕ್ಷ್ಮವಾದ ಒಂದು ವಿಭಾಗವನ್ನು ಮಾಡಿದ್ದಾರೆ. ಕಟ್ಟುವುದರಲ್ಲಿಯೂ ಛೇದದಲ್ಲಿಯೂ ಸಾಪೇಕ್ಷವೆಂದೂ ನಿರಪೇಕ್ಷವೆಂದೂ ಎರಡು ಬಗೆ. ಬೆಂಕಿ ಬಿದ್ದರೆ ಒಡನೆ ಬಿಚ್ಚಲು ಬರುವಂತೆ ಸಡಿಲವಾಗಿ ಕಟ್ಟಿದ್ದು ಸಾಪೇಕ್ಷ. ಏನಾದರಾಗಲಿ ಎಂದು ಬಿಗಿದದ್ದು ನಿರಪೇಕ್ಷ. ಹುಣ್ಣನ್ನು ಕೊಯ್ದರೆ ಸಾಪೇಕ್ಷ. ನಿಷ್ಕರುಣೆಯಿಂದ ಕಿವಿಮೂಗುಗಳನ್ನು ಕೊಯ್ದರೆ ನಿರಪೇಕ್ಷ. ಅಪೇಕ್ಷೆಯೆಂದರೆ ಇಲ್ಲಿ ಆ ಜೀವದ ಮೇಲಿನ ಲಕ್ಷ್ಯ. ಕಟ್ಟಿದವನ ಲಕ್ಷ್ಯವು ಗಂಟಿನಲ್ಲಿ ಕಾಣಿಸುವಂತೆ ಕೊಯ್ಸಿದವನ ಲಕ್ಷ್ಯವು ಎಲ್ಲಿ ಕಾಣಿಸಬೇಕು? ಮೇಜಿನ ಮೇಲಿನ ಕೆಲಸವು ವೈದ್ಯನದು; ಗೃಹಸ್ಥನು ಆಗ ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಾನೆ. ಅವನ ಪಾಲಿಗೆ ಬರುವುದು ಅನಂತರದ ದಿನಗಳು ಮಾತ್ರ. ಛೇದವನ್ನು ಸಾಪೇಕ್ಷವನ್ನಾಗಿ ಮಾಡುವುದು ಆ ದಿನಗಳೇ.

ಆ ದಿನಗಳಲ್ಲಿ ಮಾಡತಕ್ಕದ್ದೇನೆಂಬುದಕ್ಕೆ ಚರಕಸಂಹಿತೆಯ ವಿವೇಚನೆಯೊಂದು ಬಹಳ ಉಪಕಾರಿಯಾಗಿದೆ. ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ಗುಣಗಳಿರಬೇಕು. ರೋಗಿಗೆ ಇರಬೇಕಾದ ಗುಣಗಳೆಂದರೆ ಸ್ಮರಣೆ, ಹೇಳಿದಂತೆ ನಡೆಯುವುದು, ಅಂಜದಿರುವುದು, ತನ್ನ ಬಾಧೆಯನ್ನು ತಿಳಿಯಹೇಳುವುದು. ನಾಯಿಯನ್ನು ಇವುಗಳಿಗೆ ಹೋಲಿಸಿ ನೋಡಿದರೆ ಆ ಪಾದವು ಬಹುಮಟ್ಟಿಗೆ ಮುರಿದೇ ಇದೆ. ‘ಹಾರಬೇಡ’ ಎಂದರೆ ಅದು ತಿಳಿಯದು; ಏನಾಯಿತೆಂಬುದು ತಿಳಿಯದಿರುವುದರಿಂದಲೇ ಅದಕ್ಕೆ ಅಂಜಿಕೆ; ಎಲ್ಲಿ ನೋಯುತ್ತದೆಂದು ಅದು ಹೇಳಲಾರದು. ಬೆಕ್ಕಂತೂ ನೋವನ್ನು ಮರೆಮಾಡುವ ಪ್ರಾಣಿ. ಬೀರುವಿನ ಹಿಂದೆ ಅಡಗಿತೆಂದರೆ ಅದೇ ಅದರ ಹೇಳಿಕೆ. ಆದುದರಿಂದ ರೋಗಿಯಲ್ಲಿ ಕುಂದಿದ್ದನ್ನೆಲ್ಲ ಪರಿಚಾರಕನೇ ತುಂಬಬೇಕು: ಅದರ ಬದಲು ತಾನು ನೆನಪಿಡಬೇಕು, ವೈದ್ಯನ ಆಜ್ಞೆಯನ್ನು ತಾನು ನಡೆಸಬೇಕು, ಅದು ಆಡದಿರುವುದನ್ನು ನೋಡಿ ತಿಳಿಯಬೇಕು. ಪರಿಚಾರಕನಿಗೆ ಹೇಳಿದ ಗುಣಗಳು ಶುಶ್ರೂಷೆಯ ಅರಿವು, ದಕ್ಷತೆ, ಅನುರಾಗ, ಶೌಚ. ಇವುಗಳಲ್ಲಿ ಅನುರಾಗವೊಂದೇ ಸಾಕೆಂದು ತಿಳಿದಿರುವ ಕುಟುಂಬಗಳು ಹಲವು.

ಮೊದಲನೆಯ ರಾತ್ರಿಯನ್ನು ತೆಗೆದುಕೊಳ್ಳಬಹುದು. ಅರಿವಳಿಕೆಯ ಜಾಡು ಪೂರ್ತಿ ಇಳಿಯಲು ಹನ್ನೆರಡರಿಂದ ಇಪ್ಪತ್ತನಾಲ್ಕು ತಾಸು ಬೇಕಾಗಬಹುದು. ಅಷ್ಟರಲ್ಲಿ ಪ್ರಾಣಿಯು ಮೈ ಬೆಚ್ಚಗಿಟ್ಟುಕೊಳ್ಳಲಾರದು. ಕಾಲು ನೆಟ್ಟಗೆ ನಿಲ್ಲದು. ತಣ್ಣನೆಯ ನೆಲದ ಮೇಲೆ ಮಲಗಿಸಬಾರದು. ಮಂಚದ ಮೇಲೂ ಮೆಟ್ಟಿಲ ಬಳಿಯೂ ಬಿಡಬಾರದು. ಗಾಳಿ ನುಗ್ಗದ, ಬೆಳಕು ಮಂದವಾದ ಒಂದು ಮೂಲೆ, ಒಣಗಿದ ಹಾಸು ಸಾಕು. ಮಕ್ಕಳು ಗುಂಪುಗೂಡಿ ಮುಟ್ಟಬಾರದು. ಅರೆಯೆಚ್ಚರದಲ್ಲಿ ಸಾಧುವಾದ ನಾಯಿಯೂ ಕಚ್ಚಬಹುದು. ಪೂರ್ತಿ ಎಚ್ಚರವಾದ ಮೇಲೆ ಸ್ವಲ್ಪ ನೀರು, ಅನಂತರ ಎಂದಿನ ಆಹಾರದಲ್ಲಿಯೇ ಒಂದು ಸಣ್ಣ ಪಾಲು. ‘ಪಾಪ, ಬೆಳಗಿನಿಂದ ಹಸಿದಿದೆ’ ಎಂದು ತಟ್ಟೆ ತುಂಬ ಹಾಲನ್ನವನ್ನು ಸುರಿದರೆ ಅದು ವಾಂತಿಯಾಗಿ ಹೊರಬರುವುದು. ಸುಶ್ರುತನು ಗಾಯಗೊಂಡವನ ಉಪಚಾರಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಶುಚಿಯಾದ, ಗಾಳಿಯ ಬಡಿತವಿಲ್ಲದ ಮನೆಯನ್ನೂ ಹಾಸಿಗೆಯನ್ನೂ ವಿಧಿಸಿ, ಪ್ರಿಯವಾದ ಕಥೆಗಳನ್ನು ಹೇಳುವ ಗೆಳೆಯರು ಬಳಿಯಲ್ಲಿರಬೇಕೆಂದೂ ಹೇಳಿದ್ದಾನೆ. ನಾಯಿಗೆ ಕಥೆ ಬೇಡ. ಪರಿಚಿತವಾದ ಧ್ವನಿಯೊಂದು ಹತ್ತಿರದಲ್ಲಿದ್ದರೆ ಅದರ ಉಸಿರು ನಿಧಾನವಾಗುವುದನ್ನು ಯಾರೂ ನೋಡಬಹುದು.

ಎರಡನೆಯ ಕಠಿನವಾದ ವಿಷಯವೆಂದರೆ ನೆಕ್ಕುವುದು. ನಾಯಿ ನೆಕ್ಕಿದ ಗಾಯವು ಬೇಗ ಮಾಯುವುದೆಂಬ ನಂಬಿಕೆಯು ಹಳ್ಳಿಗಳಲ್ಲಿಯೂ ಪೇಟೆಗಳಲ್ಲಿಯೂ ಇದೆ. ಹೊಲಿದ ಗಾಯದ ಮಟ್ಟಿಗೆ ಇದು ಅಪಾಯಕರವಾದ ನಂಬಿಕೆ. ಬಾಯಿಯ ಕ್ರಿಮಿಗಳು ಗಾಯಕ್ಕಿಳಿಯುವುವು. ನಾಲಗೆಯ ಒರಟಿನಿಂದಲೂ ಹಲ್ಲಿನಿಂದಲೂ ಹೊಲಿಗೆ ಕಿತ್ತುಬರುವುದು. ಅದಕ್ಕಾಗಿ ವೈದ್ಯರು ಕೊರಳಿಗೆ ಆಲಿಕೆಯಾಕಾರದ ಪ್ಲಾಸ್ಟಿಕ್ಕಿನ ಕೋನ್ ಒಂದನ್ನು ಹಾಕಿ ಕಳುಹಿಸುತ್ತಾರೆ. ಪ್ರಾಣಿಗೆ ಅದು ಬಂಧನವೇ. ಬಾಗಿಲಿಗೆ ಡಿಕ್ಕಿ ಹೊಡೆಯುವುದು, ತಿರುಗಿ ತಿರುಗಿ ಮನೆಯವರ ಮುಖವನ್ನು ನೋಡುವುದು. ಆ ನೋಟಕ್ಕೆ ಸೋತು ಕೋನನ್ನು ಕಳಚಿದವರು ಮರುದಿನ ಬಿಚ್ಚಿದ ಹೊಲಿಗೆಯನ್ನು ಹೊತ್ತು ಮತ್ತೆ ವೈದ್ಯರಲ್ಲಿಗೆ ಓಡುವುದುಂಟು. ಮರುಕವು ಧರ್ಮಕ್ಕೆ ಮೂಲವೆಂದು ಹೇಳುವವರು ಇದನ್ನು ಗಮನಿಸಬೇಕು: ಇಲ್ಲಿ ಮರುಕವೇ ಕರ್ತವ್ಯವನ್ನು ಕೆಡಿಸುತ್ತದೆ. ಮರುಕವು ತನಗೆ ಎದುರಾಗಿರುವ ಕಣ್ಣನ್ನು ನೋಡುತ್ತದೆ. ಋಣವು ಹತ್ತನೆಯ ದಿನವನ್ನು ನೋಡುತ್ತದೆ.

ಇನ್ನುಳಿದುದನ್ನು ಬೇಗ ಹೇಳಬಹುದು. ಹತ್ತು ಹದಿನಾಲ್ಕು ದಿನ ಸ್ನಾನವಿಲ್ಲ, ಓಟನೆಗೆತಗಳಿಲ್ಲ. ನಾಯಿಯನ್ನು ಹಗ್ಗ ಹಿಡಿದು ಮಲಮೂತ್ರಕ್ಕಷ್ಟೇ ಹೊರಕ್ಕೆ ಒಯ್ಯುವುದು. ಬೆಕ್ಕಿಗೆ ಮಣ್ಣಿನ ಬದಲು ಹರಿದ ಕಾಗದವನ್ನು ಇಡುವುದು. ದಿನಕ್ಕೆರಡು ಸಲ ಗಾಯವನ್ನು ಬೆಳಕಿನಲ್ಲಿ ನೋಡಬೇಕು. ಮೊದಲ ದಿನಗಳಲ್ಲಿ ಸ್ವಲ್ಪ ಕೆಂಪು, ಸ್ವಲ್ಪ ಊತ ಇರತಕ್ಕದ್ದೇ. ಗಾಯವು ಬಾಯಿಬಿಟ್ಟರೆ, ರಕ್ತ ನಿಲ್ಲದಿದ್ದರೆ, ಕೀವು ಅಥವಾ ದುರ್ವಾಸನೆ ಬಂದರೆ, ಒಸಡು ಬಿಳಿಚಿಕೊಂಡರೆ, ಮತ್ತೆ ಮತ್ತೆ ವಾಂತಿಯಾದರೆ, ಮರುದಿನ ಪೂರ್ತಿ ಅನ್ನ ಮುಟ್ಟದಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಅರಿಸಿನ ಮೆತ್ತುವುದು, ಮನೆಯಲ್ಲಿದ್ದ ಮುಲಾಮು ಸವರುವುದು ಬೇಡ. ಮನುಷ್ಯರ ನೋವಿನ ಮಾತ್ರೆಯನ್ನಂತೂ ಕೊಡಲೇಬಾರದು. ಪ್ಯಾರಾಸಿಟಮಾಲನ್ನು ಕರಗಿಸಿ ಹೊರಹಾಕುವ ಶಕ್ತಿಯು ಬೆಕ್ಕಿನ ಯಕೃತ್ತಿಗೆ ಇಲ್ಲದಿರುವುದರಿಂದ ಒಂದೇ ಮಾತ್ರೆ ಅದರ ಪ್ರಾಣವನ್ನು ತೆಗೆಯಬಲ್ಲುದು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣುಮಾಡಿ ಮೂತ್ರಪಿಂಡವನ್ನು ಕೆಡಿಸುವುದು. ಗಂಡುನಾಯಿಯಲ್ಲಿ ಶಸ್ತ್ರಕರ್ಮದ ಅನಂತರವೂ ಕೆಲವು ವಾರ ಬೀಜಶಕ್ತಿಯು ಉಳಿದಿರುವುದರಿಂದ ಅಷ್ಟು ದಿನ ಅದನ್ನು ಬೆದೆಗೆ ಬಂದ ಹೆಣ್ಣಿನಿಂದ ದೂರವಿಡಬೇಕು.

ಇಷ್ಟೆಲ್ಲವನ್ನೂ ಚಾಚೂ ತಪ್ಪದೆ ಮಾಡಲೇಬೇಕೆ, ಕೈಲಾದಷ್ಟು ಮಾಡಿದರೆ ಸಾಲದೆ ಎಂದು ಕೇಳುವವರಿರುವರು. ಮೀಮಾಂಸಕರಲ್ಲಿ ಇದೇ ಪ್ರಶ್ನೆಯು ಯಜ್ಞಗಳ ವಿಷಯದಲ್ಲಿ ಎದ್ದಿದೆ. ಜೈಮಿನಿಯ ಆರನೆಯ ಅಧ್ಯಾಯದ ನಿರ್ಣಯವಿದು: ಜೀವಮಾನವೆಲ್ಲ ಮಾಡಲೇಬೇಕಾದ ನಿತ್ಯಕರ್ಮದಲ್ಲಿ ಒಂದೆರಡು ಅಂಗಗಳು ಶಕ್ತಿಗೆ ಮೀರಿ ತಪ್ಪಿದರೂ ಕರ್ಮವು ನೆರವೇರುವುದು; ಆದರೆ ಫಲವನ್ನು ಬಯಸಿ ತಾನಾಗಿ ಕೈಕೊಂಡ ಕಾಮ್ಯಕರ್ಮದಲ್ಲಿ ಹಾಗಿಲ್ಲ. ಎಲ್ಲ ಅಂಗಗಳನ್ನೂ ನೆರವೇರಿಸಬಲ್ಲವನೇ ಅದಕ್ಕೆ ಕೈಹಾಕಬೇಕು, ಆಗದವನು ಹಾಕಬಾರದು. ಸಾಕಿದ ಪ್ರಾಣಿಗೆ ಶಸ್ತ್ರಕರ್ಮವನ್ನು ಮಾಡಿಸೆಂದು ಯಾರೂ ಗೃಹಸ್ಥನನ್ನು ನಿರ್ಬಂಧಿಸಲಿಲ್ಲ. ತನ್ನ ಇಚ್ಛೆಯಿಂದ, ತಾನು ಗೊತ್ತುಮಾಡಿದ ದಿನದಲ್ಲಿ, ಹಣ ತೆತ್ತು ಮಾಡಿಸಿದ್ದಾನೆ. ಆದುದರಿಂದ ಇದು ಕಾಮ್ಯ. ಸುಶ್ರುತನೂ ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮ ಎಂದು ಮೂರನ್ನು ಕೂಡಿಸಿಯೇ ಚಿಕಿತ್ಸೆಯೆಂದನು. ಮುಂದಿನ ವಾರ ಮಗಳ ಮದುವೆಯಿದ್ದು ಮನೆ ತುಂಬ ನೆಂಟರು ಬರುವ ಹಾಗಿದ್ದರೆ, ಅಥವಾ ಊರಿಗೆ ಹೋಗುವುದಿದ್ದರೆ, ಶಸ್ತ್ರಕರ್ಮವನ್ನು ಮುಂದಕ್ಕೆ ಹಾಕುವುದೇ ಧರ್ಮ. ಕೆಲಸದಾಕೆಯ ಮೇಲೆ ಬಿಟ್ಟು ಹೋಗುವವನು ಅಂಗಹೀನವಾದ ಕಾಮ್ಯವನ್ನು ಮಾಡುತ್ತಿದ್ದಾನೆ.

ಕೆಲವರು ಇನ್ನೊಂದು ಸಮಾಧಾನವನ್ನು ಹೇಳುವರು: ನಾಯಿಯು ಎಲ್ಲವನ್ನೂ ಮರೆತುಬಿಡುತ್ತದೆ, ನಾಲ್ಕನೆಯ ದಿನ ಕೈ ನೆಕ್ಕುತ್ತದೆ, ಮರೆತವನಿಗೆ ಸಾಲವೆಲ್ಲಿಯದು? ಸಾಲ ಕೊಟ್ಟವನ ಬಳಿ ಪತ್ರ ಕಳೆದುಹೋಯಿತೆಂದು ಸಾಲಗಾರನು ಹಿಗ್ಗುವುದನ್ನು ಪ್ರಾಮಾಣಿಕತೆಯೆಂದು ಯಾರೂ ಕರೆಯರು. ಮಹಾಭಾರತದ ಪೌಷ್ಯಪರ್ವದ ಸರಮೆಯ ಕಥೆಯನ್ನು ಇಲ್ಲಿ ನೆನೆಯಬಹುದು. ಜನಮೇಜಯನ ತಮ್ಮಂದಿರು ಯಜ್ಞಭೂಮಿಗೆ ಬಂದ ನಾಯಿಮರಿಯನ್ನು ಹೊಡೆದರು. ಅದು ಅಳುತ್ತ ತಾಯಿಯ ಬಳಿಗೆ ಹೋಗಿ, ತಾನು ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲವೆಂದಿತು. ತಾಯಿ ಸರಮೆಯು ಯಜ್ಞಭೂಮಿಗೇ ಬಂದು, ತಪ್ಪಿಲ್ಲದ ಮಗನನ್ನು ಏಕೆ ಹೊಡೆದಿರೆಂದು ಕೇಳಿದಳು. ಅವರು ಏನೂ ಉತ್ತರ ಕೊಡಲಿಲ್ಲ. ಶಾಪವು ಬಂದುದು ಆ ಮೌನದ ಬೆನ್ನಿಗೇ. ಮರಿಯು ಮರೆತಿರಬಹುದು, ಮರೆತಿಲ್ಲದಿರಬಹುದು. ಕಥೆಗೆ ಅದು ಬೇಕಾಗಿಲ್ಲ.

ಬೀದಿಯ ನಾಯಿಗಳ ಪರವಾಗಿ ಕೇಳಲು ಸರಮೆಯೂ ಇಲ್ಲ. ಅವುಗಳನ್ನು ಹಿಡಿದು, ಶಸ್ತ್ರಕರ್ಮ ಮಾಡಿ, ಕಿವಿಯ ತುದಿಯಲ್ಲಿ ಗುರುತಿಗಾಗಿ ಒಂದು ಕಚ್ಚು ಹಾಕುವರು. ತತ್ತ್ವಾರ್ಥಸೂತ್ರದ ವ್ಯಾಖ್ಯಾನಕಾರನಾದ ಪೂಜ್ಯಪಾದನು ಛೇದಕ್ಕೆ ಕೊಟ್ಟ ಉದಾಹರಣೆಯೂ ಕಿವಿಯೇ. ಅಲ್ಲಿ ಕೊಯ್ಸಿದವನು ಒಬ್ಬ ಗೃಹಸ್ಥನಲ್ಲ, ಊರು. ಗಾಯವು ಮಾಯುವವರೆಗೆ ಇಟ್ಟುಕೊಳ್ಳಲು ಗೂಡುಗಳಿವೆಯೆ, ಅವು ಒಣಗಿವೆಯೆ, ಗಾಯ ನೋಡುವವರು ಯಾರು ಎಂದು ಪೌರಸಭೆಯನ್ನು ಕೇಳುವುದು ತೆರಿಗೆ ತೆರುವವನ ಪಾಲಿನ ಶುಶ್ರೂಷೆ. ಎಷ್ಟು ನಾಯಿಗಳಿಗೆ ಆಯಿತೆಂಬ ಸಂಖ್ಯೆಯನ್ನು ಮಾತ್ರ ಕೇಳಿ ತೃಪ್ತರಾಗುವವರು ಪ್ರಧಾನಕರ್ಮವನ್ನಷ್ಟೇ ಎಣಿಸುತ್ತಿದ್ದಾರೆ.

ಹೊಲಿಗೆ ಬಿಚ್ಚಿದೊಡನೆ ಎಲ್ಲವೂ ಮುಗಿಯುವುದೆಂದೂ ಇಲ್ಲ. ಅಂಡಾಶಯವೋ ವೃಷಣವೋ ಹೋದ ಪ್ರಾಣಿಗೆ ದೇಹದ ವ್ಯಯವು ತಗ್ಗುವುದು, ಹಸಿವು ಮಾತ್ರ ಹೆಚ್ಚುವುದು. ಹಿಂದಿನಷ್ಟೇ ಅನ್ನ ಹಾಕಿದರೆ ಕೆಲವು ತಿಂಗಳಲ್ಲಿ ಅದು ಬೊಜ್ಜು ಬೆಳೆದು, ಕೀಲು ನೋಯಿಸಿಕೊಂಡು, ಮೆಟ್ಟಿಲು ಹತ್ತಲಾರದಾಗುವುದು. ಆದುದರಿಂದ ವೈದ್ಯನು ಹೇಳಿದ ಅಳತೆಗೆ ಪಾಲನ್ನು ತಗ್ಗಿಸಿ, ಗಾಯ ಮಾಯ್ದ ಮೇಲೆ ನಡೆದಾಟವನ್ನು ಹೆಚ್ಚಿಸಬೇಕು. ಇದೂ ಐದನೆಯ ಅತಿಚಾರವಾದ ಅನ್ನನಿರೋಧವಾಗುವುದಿಲ್ಲವೆ ಎಂಬ ಶಂಕೆಗೆ ಎಡೆಯಿದೆ. ಉಳಿತಾಯಕ್ಕೋ ಸಿಟ್ಟಿಗೋ ತಡೆದರೆ ಆಗುವುದು. ಅಳೆದು ಹಾಕಿದರೆ ಆಗದು. ಊಟದ ಹೊತ್ತಿನಲ್ಲಿ ಅದು ಎಲೆಯ ಪಕ್ಕದಲ್ಲಿ ಬಂದು ಕುಳಿತು ಕೈಯನ್ನೇ ನೋಡುತ್ತಿರುವಾಗ ಹೋಳಿಗೆಯ ಚೂರನ್ನು ಕೊಡದಿರುವುದು ಮನೆಯ ಹಿರಿಯರಿಗೆ ಕೋನ್ ಕಳಚದಿರುವುದಕ್ಕಿಂತಲೂ ಕಷ್ಟವಾದೀತು. ಮಕ್ಕಳು ಮೇಜಿನ ಕೆಳಗಿನಿಂದ ಕೊಡುವುದನ್ನೂ ಅವರೇ ನೋಡಿಕೊಳ್ಳಬೇಕಾಗುವುದು.